ಮೀನಿನ ಬುಟ್ಟಿ ಮತ್ತು ಮಾತ್ರೆಯ ಲೆಕ್ಕ

ನಮ್ಮ ಪಕ್ಕದ ಮನೆಯ ಅಕ್ಕ ಕಾರವಾರದ ಮಾರುಕಟ್ಟೆಯಲ್ಲಿ ಮೀನು ಮಾರುತ್ತಾರೆ. ಅವರ ಮಗ ಗೋವಾದ ವೆರ್ಣಾದಲ್ಲಿ ಔಷಧ ಕಾರ್ಖಾನೆಯ ಕೆಲಸಗಾರ. ಸದಾಶಿವಗಡದ ನಮ್ಮ ಕಡೆ ಇದು ವಿಶೇಷವೇನಲ್ಲ. ಕಾಳಿ ಸೇತುವೆಯ ಈಚೆಗೆ ಓದಿದ ಹುಡುಗರಲ್ಲಿ ಅನೇಕರು ಗಡಿ ದಾಟಿಯೇ ದುಡಿಯುವವರು. ಹೋದ ವಾರ ಅಕ್ಕ ಬೇಲಿಯ ಆಚೆಯಿಂದ ಕೇಳಿದರು: "ಮಾಸ್ತರರೇ, ಮಗ ಮನೆಗೆ ಬರುವ ಮೊದಲೂ ಸ್ನಾನ, ಬಂದ ಮೇಲೂ ಸ್ನಾನ. ಮಾತ್ರೆ ಮಾಡುವ ಜಾಗ ಆಸ್ಪತ್ರೆಯಷ್ಟು ಸ್ವಚ್ಛ ಅನ್ನುತ್ತಾನೆ. ಸ್ವಚ್ಛ ಜಾಗದಿಂದ ಬಂದವನಿಗೆ ಇಷ್ಟು ಸ್ನಾನ ಏಕೆ? ಇಂಥ ಕಾರ್ಖಾನೆ ನಮ್ಮಲ್ಲಿಗೇ ಬಂದರೆ ಒಳ್ಳೆಯದೋ ಕೆಟ್ಟದ್ದೋ?" ಕೇಳಿದ್ದು ಕೊಂಕಣಿಯಲ್ಲಿ; ಕನ್ನಡ ನನ್ನದು. ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡುವುದುಂಟೇ? ಆದರೆ ಬೇಲಿಯ ಬಳಿ ನಿಂತು ಹೇಳಿ ಮುಗಿಸುವಷ್ಟು ಸಣ್ಣ ಉತ್ತರ ಇದಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿಗೆ, 'ಔಷಧ ಕಾರ್ಖಾನೆ' ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಪ್ರಾಣಿಗಳಿವೆ. ಒಂದು, ಸಿದ್ಧವಾದ ಔಷಧದ ಪುಡಿಯನ್ನು ತಂದು, ಪಿಷ್ಟ, ಸಕ್ಕರೆ, ಅಂಟು ಬೆರೆಸಿ ಮಾತ್ರೆಯಾಗಿ ಒತ್ತುವುದು, ಕ್ಯಾಪ್ಸೂಲಿಗೆ ತುಂಬುವುದು, ಪಟ್ಟಿ ಕಟ್ಟುವುದು. ಗೋವಾದಲ್ಲಿ ಹೆಚ್ಚಾಗಿ ಇರುವುದು ಈ ಬಗೆಯದು. ಇನ್ನೊಂದು, ಆ ಪುಡಿಯನ್ನೇ ರಾಸಾಯನಿಕಗಳಿಂದ ಹಂತಹಂತವಾಗಿ ಕಟ್ಟುವುದು. ಇದಕ್ಕೆ ಬಲ್ಕ್ ಡ್ರಗ್ ಅಥವಾ ಎಪಿಐ ಘಟಕ ಎನ್ನುತ್ತಾರೆ. ಹೈದರಾಬಾದ್ ಸುತ್ತಮುತ್ತ, ವಿಶಾಖಪಟ್ಟಣದ ಕಡೆ, ನಮ್ಮ ರಾಜ್ಯದಲ್ಲೇ ಬೀದರಿನ ಕೊಳಾರದಲ್ಲಿ, ಯಾದಗಿರಿಯ ಕಡೇಚೂರಿನಲ್ಲಿ ಇಂಥವು ಇವೆ. ಮೊದಲನೆಯದು ಅಡುಗೆಮನೆಯಾದರೆ ಎರಡನೆಯದು ಭಟ್ಟಿ. ಊರಿಗೆ ಕಾರ್ಖಾನೆ ಬರುತ್ತದೆ ಎಂಬ ಸುದ್ದಿ ಬಂದಾಗ ಕೇಳಬೇಕಾದ ಮೊದಲ ಮಾತು ಇದೇ: ಒತ್ತುವುದೋ, ಕಟ್ಟುವುದೋ? ಇದನ್ನು ಕೇಳದೆ ಪರ ಅಥವಾ ವಿರೋಧ ಘೋಷಣೆ ಕೂಗುವವರನ್ನು ನಾನು ಎರಡೂ ಬಣಗಳಲ್ಲಿ ಕಂಡಿದ್ದೇನೆ.

ಕಟ್ಟುವ ಘಟಕದ ಕಥೆಯನ್ನೇ ಹೇಳುತ್ತೇನೆ, ಏಕೆಂದರೆ ತೊಡಕು ಇರುವುದು ಅಲ್ಲಿ.

ಒಂದು ಕಿಲೋ ಸರಕು ತಯಾರಿಸಿದರೆ ಎಷ್ಟು ಕಿಲೋ ತ್ಯಾಜ್ಯ ಹುಟ್ಟುತ್ತದೆ ಎಂಬ ಅಳತೆಯನ್ನು ರೋಜರ್ ಶೆಲ್ಡನ್ ಎಂಬ ರಸಾಯನ ವಿಜ್ಞಾನಿ 1992ರಲ್ಲಿ ಮುಂದಿಟ್ಟರು. ಇ-ಫ್ಯಾಕ್ಟರ್ ಎಂದು ಅದರ ಹೆಸರು. ಪೆಟ್ರೋಲ್ ಶುದ್ಧೀಕರಿಸುವಲ್ಲಿ ಇದು ಕಿಲೋಗೆ ಸುಮಾರು 100 ಗ್ರಾಂ. ದೊಡ್ಡ ಪ್ರಮಾಣದ ರಾಸಾಯನಿಕಗಳಲ್ಲಿ 1ರಿಂದ 5 ಕಿಲೋ. ಔಷಧದಲ್ಲಿ 25ರಿಂದ 100 ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹೊಗೆ ಉಗುಳುವ ಸಂಸ್ಕರಣಾಗಾರ ಕಣ್ಣಿಗೆ ಕೊಳಕು, ಹೊಳೆಯುವ ಔಷಧ ಘಟಕ ಕಣ್ಣಿಗೆ ಚೊಕ್ಕಟ. ಕಿಲೋಗೆ ಇಷ್ಟೆಂದು ತೂಗಿದರೆ ತಕ್ಕಡಿ ತಿರುಗುಮುರುಗು. ಕಾರಣ ಸರಳ. ಔಷಧದ ಅಣುವನ್ನು ಆರೋ ಎಂಟೋ ಮೆಟ್ಟಿಲು ಹತ್ತಿಸಿ ಕಟ್ಟಬೇಕು. ಪ್ರತಿ ಮೆಟ್ಟಿಲಲ್ಲೂ ಕರಗಿಸು, ಬೆರೆಸು, ಕಾಯಿಸು, ತಣಿಸು, ಸೋಸು, ತೊಳೆ. ಕರಗಿಸಲು ಬೇಕಾಗುವ ದ್ರವವೇ ಸಾಲ್ವೆಂಟ್: ಅಸಿಟೋನ್, ಟಾಲ್ವಿನ್, ಮೆಥನಾಲ್, ಡೈಕ್ಲೋರೋಮೀಥೇನ್ ಇತ್ಯಾದಿ. ನೀರನ್ನು ಬಿಟ್ಟರೆ ಒಂದು ಬ್ಯಾಚಿಗೆ, ಅಂದರೆ ಒಂದು ಸಲದ ತಯಾರಿಗೆ, ಹೋಗುವ ತೂಕದಲ್ಲಿ ಶೇ 80ರಿಂದ 90ರಷ್ಟು ಸಾಲ್ವೆಂಟೇ. ಅದು ಔಷಧದ ಭಾಗವಾಗುವುದಿಲ್ಲ. ಕೆಲಸ ಮುಗಿದ ಮೇಲೆ ಎಲ್ಲವೂ ಹೊರಬರಬೇಕು.

ಅಕ್ಕನಿಗೆ ಇದನ್ನು ಹೇಳುವಾಗ ನನಗೆ ಹೊಳೆದದ್ದು ಅವರ ಬುಟ್ಟಿಯೇ. ಬೆಳಿಗ್ಗೆ ಹರಾಜಿನಲ್ಲಿ ಇಷ್ಟು ಬಂಗಡೆ ಕೊಂಡರು, ಇಷ್ಟು ಮಾರಿದರು, ಇಷ್ಟು ಉಳಿಯಿತು, ಇಷ್ಟನ್ನು ಬೆಕ್ಕು ಎಳೆಯಿತು. ಲೆಕ್ಕ ಕೂಡದಿದ್ದರೆ ಅವರಿಗೆ ರಾತ್ರಿ ನಿದ್ದೆ ಬಾರದು. ಕಾರ್ಖಾನೆಗೂ ಇಂಥದೇ ಲೆಕ್ಕವಿದೆ. ತಿಂಗಳಿಗೆ 100 ಟನ್ ಸಾಲ್ವೆಂಟ್ ಬಳಸುವ ಘಟಕವೊಂದು ಅದರಲ್ಲಿ ಶೇ 92ನ್ನು ಭಟ್ಟಿ ಇಳಿಸಿ ಮರಳಿ ಪಡೆಯುತ್ತದೆ ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ಉತ್ಪಾದನೆ ಹೆಚ್ಚದೆಯೂ ಪ್ರತಿ ತಿಂಗಳು 8 ಟನ್ ಹೊಸದಾಗಿ ಕೊಳ್ಳಲೇಬೇಕಲ್ಲ? ಆ 8 ಟನ್ ಎಂದರೆ ಹಿಂದಿನ ತಿಂಗಳು ಕೈಬಿಟ್ಟು ಹೋದದ್ದು. ಡ್ರಮ್ಮುಗಳಲ್ಲಿ ಅಪಾಯಕಾರಿ ತ್ಯಾಜ್ಯವಾಗಿ 5 ಟನ್ ಹೋಯಿತೆಂಬುದಕ್ಕೆ ದಾಖಲೆ ತೋರಿಸಿದರೆ ಉಳಿದ 3 ಟನ್ ಗಾಳಿಗೆ ಹೋಯಿತು ಅಥವಾ ನೀರಿಗೆ ಹೋಯಿತು, ಮೂರನೆಯ ದಾರಿಯಿಲ್ಲ. ಗಾಳಿಯ ಅಳತೆ, ನೀರಿನ ಅಳತೆ ಎರಡನ್ನೂ ಕೂಡಿಸಿದರೆ 3 ಟನ್ ಬರಬೇಕು. ಬರದಿದ್ದರೆ ಬೆಕ್ಕು ಎಲ್ಲೋ ಇದೆ. ಪರಿಸರದ ವಿಚಾರದಲ್ಲಿ ಕಾರ್ಖಾನೆಯನ್ನು ಅಳೆಯಲು ಖರೀದಿಯ ಪುಸ್ತಕದಷ್ಟು ನಂಬಿಕೆಯ ಸಾಧನ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಚಿಮಣಿಯ ಮಾಪಕ ಕೆಡಬಹುದು. ಹಣ ಕೊಟ್ಟು ತಂದ ಸಾಲ್ವೆಂಟಿನ ಬಿಲ್ಲನ್ನು ಯಾರೂ ಮರೆಯುವುದಿಲ್ಲ.

ಇನ್ನು ನೀರು. ಗಟಾರದ ನೀರಿನಲ್ಲಿ ಎಷ್ಟು ಕೊಳೆ ಇದೆ ಎಂದು ಹೇಳುವ ಒಂದು ಅಂಕಿಗೆ ಸಿಒಡಿ ಎನ್ನುತ್ತಾರೆ. ನೀರಿನಲ್ಲಿರುವ ಕಲ್ಮಶವನ್ನು ಪೂರ್ತಿ ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕೆಂಬ ಅಳತೆ. ಮನೆಗಳ ಕೊಳಚೆಯಲ್ಲಿ ಇದು ಲೀಟರಿಗೆ ಸುಮಾರು 500 ಮಿಲಿಗ್ರಾಂ. ಹೊರಗೆ ಬಿಡಲು ಸಾಮಾನ್ಯ ಮಿತಿ 250. ಬಲ್ಕ್ ಡ್ರಗ್ ಘಟಕದಲ್ಲಿ ಔಷಧವನ್ನು ಸೋಸಿ ತೆಗೆದ ಮೇಲೆ ಉಳಿಯುವ ತಿಳಿದ್ರವದಲ್ಲಿ ಇದು ಹತ್ತಾರು ಸಾವಿರ ಇರುವುದುಂಟು. ಜೊತೆಗೆ ಉಪ್ಪು. ಆಮ್ಲಕ್ಕೆ ಕ್ಷಾರ ಸೇರಿಸಿ ತಟಸ್ಥಗೊಳಿಸಿದಾಗಲೆಲ್ಲ ಉಪ್ಪು ಹುಟ್ಟುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ಈ ದ್ರವ ಅದನ್ನೂ ಮೀರಬಹುದು. ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಅಷ್ಟು ಉಪ್ಪು ಒಗ್ಗುವುದಿಲ್ಲ, ಅಷ್ಟು ವಿಷವೂ ಒಗ್ಗುವುದಿಲ್ಲ.

ಆದ್ದರಿಂದ ನೆಟ್ಟಗಿನ ಕಾರ್ಖಾನೆ ಮಾಡುವ ಮೊದಲ ಕೆಲಸ, ನೀರನ್ನು ಹುಟ್ಟಿದಲ್ಲೇ ಬೇರ್ಪಡಿಸುವುದು. ನೆಲ ತೊಳೆದ ನೀರು, ಕ್ಯಾಂಟೀನ್ ನೀರು ಒಂದು ಪೈಪಿನಲ್ಲಿ. ಉಪ್ಪೂ ವಿಷವೂ ಇರುವ ಗಟ್ಟಿ ನೀರು ಇನ್ನೊಂದರಲ್ಲಿ. ಎರಡನ್ನೂ ಒಂದೇ ತೊಟ್ಟಿಗೆ ಬಿಟ್ಟು ತೆಳುವಾಗಿಸಿ ಅಂಕಿ ಇಳಿಸುವುದು ಹಳೆಯ ಕಳ್ಳದಾರಿ. ತೆಳುವಾದರೆ ತೂಕವೇನೂ ಕಡಿಮೆಯಾಗುವುದಿಲ್ಲ.

ಗಟ್ಟಿ ನೀರಿಗೆ ಏನು ಮಾಡುತ್ತಾರೆ? ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಿದ್ದೀರಲ್ಲ: ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಆವಿಯಾಗಿಸಿ ಕೊನೆಯಲ್ಲಿ ಉಪ್ಪು ಕೆರೆಯುತ್ತಾರೆ. ಕಾರ್ಖಾನೆಯ ಬಹುಹಂತದ ಆವಿಕಾರಕ ಮಾಡುವುದೂ ಅದನ್ನೇ, ಬಿಸಿಲಿನ ಬದಲು ಬಾಯ್ಲರಿನ ಹಬೆಯಿಂದ. ಮೊದಲ ಪಾತ್ರೆಯಲ್ಲಿ ಎದ್ದ ಆವಿಯೇ ಎರಡನೆಯ ಪಾತ್ರೆಯನ್ನು ಕಾಯಿಸುತ್ತದೆ, ಎರಡನೆಯದರಲ್ಲಿ ಒತ್ತಡ ಕಡಿಮೆಯಿರುವುದರಿಂದ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಹಾಗೆಯೇ ಮೂರನೆಯದು. ಅದಕ್ಕೂ ಮೊದಲು ನೀರಿನಲ್ಲಿ ಉಳಿದ ಸಾಲ್ವೆಂಟನ್ನು ಹಬೆಯಿಂದ ಹೊಡೆದೋಡಿಸಿ ಹಿಡಿದಿಡಬೇಕು, ಇಲ್ಲವಾದರೆ ಅದು ಆವಿಯ ಜೊತೆ ಹಾರಿಹೋಗುತ್ತದೆ. ಕೊನೆಯಲ್ಲಿ ಸಿಗುವುದು ಒಂದು ಕಡೆ ಮರಳಿ ಬಳಸಬಹುದಾದ ನೀರು, ಇನ್ನೊಂದು ಕಡೆ ಕಂದು ಬಣ್ಣದ ಉಪ್ಪು. ಹೊರಗೆ ಹನಿ ನೀರೂ ಬಿಡುವುದಿಲ್ಲ ಎಂಬ ಈ ಏರ್ಪಾಟಿಗೆ 'ಶೂನ್ಯ ದ್ರವ ವಿಸರ್ಜನೆ' ಎಂಬ ಗಂಭೀರ ಹೆಸರಿದೆ.

ಹೆಸರಿನಲ್ಲಿ 'ಶೂನ್ಯ' ಇದೆಯೆಂದು ಬೆರಗಾಗಬೇಡಿ. ಶೂನ್ಯವಾದದ್ದು ದ್ರವ ಮಾತ್ರ. ಆ ಉಪ್ಪು ಸಾಣಿಕಟ್ಟೆಯ ಉಪ್ಪಲ್ಲ, ಊಟಕ್ಕೆ ಬಾರದು. ಅದು ಅಪಾಯಕಾರಿ ತ್ಯಾಜ್ಯ. 2016ರ ನಿಯಮದಂತೆ ಅದನ್ನು ಆವರಣದಲ್ಲಿ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಲಾರಿಯ ಜೊತೆ ಮ್ಯಾನಿಫೆಸ್ಟ್ ಎಂಬ, ಬಣ್ಣಬಣ್ಣದ ಪ್ರತಿಗಳ ದಾಖಲೆ ಹೋಗಬೇಕು. ದಾಬಸ್‌ಪೇಟೆಯಲ್ಲಿರುವಂಥ, ಅಡಿಗೆ ಹಾಳೆ ಹಾಸಿ ಮುಚ್ಚಿದ ಸುರಕ್ಷಿತ ಗುಂಡಿಗೆ ಅದು ಸೇರಬೇಕು. ಸುಡಬಹುದಾದ ಸಾವಯವ ತ್ಯಾಜ್ಯವನ್ನು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಕೊಡುವುದೂ ಇದೆ. ಅಲ್ಲಿ 1400 ಡಿಗ್ರಿಯ ಮೇಲಿನ ಬಿಸಿಯಲ್ಲಿ ಅಣುಗಳು ಚೂರುಚೂರಾಗುತ್ತವೆ. ಆವಿಕಾರಕಕ್ಕೆ ಹಬೆ ಬೇಕು, ಹಬೆಗೆ ಇಂಧನ ಬೇಕು, ಇಂಧನಕ್ಕೆ ದುಡ್ಡು ಬೇಕು. ಆವಿಕಾರಕ ತಿಂಗಳಿಗೆ ಎಷ್ಟು ಗಂಟೆ ಓಡಿತು, ಎಷ್ಟು ಉಪ್ಪು ಹೊರಬಿತ್ತು ಎಂದು ಕೇಳಿದರೆ ಸತ್ಯ ತಾನಾಗಿ ಬಾಯಿಬಿಡುತ್ತದೆ. ಸಾವಿರ ಲೀಟರ್ ಗಟ್ಟಿ ನೀರಿನಲ್ಲಿ 40 ಕಿಲೋ ಉಪ್ಪಿದ್ದರೆ ಲಾರಿಯಲ್ಲೂ 40 ಕಿಲೋ ಹೋಗಿರಬೇಕು. ಮತ್ತೆ ಅದೇ ಬುಟ್ಟಿಯ ಲೆಕ್ಕ.

ನೀರನ್ನು ಹೊರಗೆ ಬಿಡಲು ಅನುಮತಿ ಇರುವ ಕಡೆ ಇನ್ನೊಂದು ಪರೀಕ್ಷೆಯಿದೆ, ನನಗೆ ತುಂಬ ಇಷ್ಟವಾದದ್ದು. ಸಂಸ್ಕರಿಸಿದ ನೀರನ್ನು ಬೇರೇನೂ ಬೆರೆಸದೆ ತೊಟ್ಟಿಗೆ ತುಂಬಿ ಮೀನು ಬಿಡಬೇಕು. 96 ಗಂಟೆಯ ಬಳಿಕ ನೂರಕ್ಕೆ ತೊಂಬತ್ತು ಮೀನು ಬದುಕಿರಬೇಕು. ಉಪಕರಣ ಹಿಡಿಯದ ಎಷ್ಟೋ ವಿಷವನ್ನು ಮೀನು ಹಿಡಿಯುತ್ತದೆ.

ಆದರೆ ಮೀನು ಬದುಕಿದ ಮಾತ್ರಕ್ಕೆ ಎಲ್ಲ ಸರಿಯಾಗಿದೆ ಎಂದಲ್ಲ. ಔಷಧ ಉಳಿದ ರಾಸಾಯನಿಕಗಳಂತಲ್ಲ. ಅತಿ ಸಣ್ಣ ಪ್ರಮಾಣದಲ್ಲೂ ಜೀವದ ಮೇಲೆ ಕೆಲಸ ಮಾಡಬೇಕೆಂದೇ ಅದನ್ನು ರೂಪಿಸಿರುತ್ತಾರೆ. ಕೆನಡಾದ ಒಂದು ಪ್ರಯೋಗ ಸರೋವರಕ್ಕೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ಲೀಟರಿಗೆ 5–6 ನ್ಯಾನೋಗ್ರಾಂನಷ್ಟು, ಅಂದರೆ ಗ್ರಾಂನ ನೂರು ಕೋಟಿಯ ಭಾಗದ ಐದಾರು ಪಾಲು, ಬೆರೆಸಿದರು. ಗಂಡು ಮೀನುಗಳಲ್ಲಿ ಹೆಣ್ಣಿನ ಲಕ್ಷಣ ಕಾಣಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಒಂದು ಜಾತಿಯ ಸಣ್ಣ ಮೀನಿನ ಸಂತತಿಯೇ ಕುಸಿಯಿತು. ಒಂದು ಮೀನೂ ವಿಷ ಕುಡಿದಂತೆ ಸತ್ತು ತೇಲಿರಲಿಲ್ಲ.

ಪ್ರತಿಜೈವಿಕಗಳ, ಅಂದರೆ ಆಂಟಿಬಯಾಟಿಕ್‌ಗಳ, ಕಥೆ ಇನ್ನೂ ಹತ್ತಿರದ್ದು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ತಯಾರಕರ ನೀರನ್ನು ಸಂಸ್ಕರಿಸುತ್ತಿದ್ದ ಸಾಮೂಹಿಕ ಘಟಕದ ಹೊರನೀರನ್ನು ಪರೀಕ್ಷಿಸಿದರು. ಸಿಪ್ರೋಫ್ಲಾಕ್ಸಾಸಿನ್ ಎಂಬ ಪ್ರತಿಜೈವಿಕ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಕ್ಕಿತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಕೂಡ ಅಷ್ಟು ಇರುವುದಿಲ್ಲ. ಅಂಥ ನೀರಿನಲ್ಲಿ ಬದುಕಿ ಉಳಿಯುವ ಬ್ಯಾಕ್ಟೀರಿಯಾ ಎಂದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ. ಅದಕ್ಕೆ ನಾವೇ ಗರಡಿಮನೆ ಕಟ್ಟಿಕೊಟ್ಟಂತೆ. ಔಷಧಕ್ಕೆ ಬಗ್ಗದ ಸೋಂಕುಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಇದೆಲ್ಲ ಗೊತ್ತಿದ್ದೇ 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರನೀರಿನಲ್ಲಿ ಪ್ರತಿಜೈವಿಕ ಎಷ್ಟಿರಬಹುದೆಂಬ ಮಿತಿಯ ಕರಡು ಹೊರಡಿಸಿತು. 2021ರ ಆಗಸ್ಟ್‌ನಲ್ಲಿ ಅಂತಿಮ ನಿಯಮ ಬಂದಾಗ ಆ ಮಿತಿಗಳೇ ಮಾಯ. ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ತನ್ನದೇ ಮಾರ್ಗಸೂಚಿ ಪ್ರಕಟಿಸಿತು. ಅದು ಸಲಹೆ, ಕಾನೂನಲ್ಲ. ಹಾಗಾಗಿ "ನಾವು ಎಲ್ಲ ನಿಯಮ ಪಾಲಿಸುತ್ತೇವೆ" ಎಂಬ ಮಾತು ಪ್ರತಿಜೈವಿಕ ತಯಾರಿಸುವವರ ಬಾಯಲ್ಲಿ ಅರ್ಧ ಉತ್ತರ ಅಷ್ಟೆ.

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಊರಿಗೂ ಹೊಂದುವ ಮಾತು. ಈಗ ನಮ್ಮ ಮಳೆಗೆ ಬರೋಣ.

ಹೈದರಾಬಾದಿನ ಕಡೆ ವರ್ಷಕ್ಕೆ ಬೀಳುವ ಮಳೆಯನ್ನು ನಮ್ಮ ಆರ್ದ್ರಾ, ಪುನರ್ವಸು ಎರಡೇ ಸೇರಿ ಸುರಿದುಬಿಡುವುದುಂಟು. ಕಾರವಾರಕ್ಕೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹತ್ತು ಎಕರೆಯ ಕಾರ್ಖಾನೆ ಎಂದರೆ ವರ್ಷಕ್ಕೆ 12 ಕೋಟಿ ಲೀಟರ್ ನೀರು ಆಕಾಶದಿಂದಲೇ ಆವರಣಕ್ಕೆ ಇಳಿಯುತ್ತದೆ. ದಿನಕ್ಕೆ 100 ಮಿಲಿಮೀಟರ್ ಮಳೆ ನಮಗೆ ಸುದ್ದಿಯೇ ಅಲ್ಲ. ಆ ಒಂದು ದಿನಕ್ಕೆ 40 ಲಕ್ಷ ಲೀಟರ್. ಡ್ರಮ್ ಇಟ್ಟ ಅಂಗಳ, ಟ್ಯಾಂಕರ್ ಖಾಲಿ ಮಾಡುವ ಜಾಗ, ಪಂಪಿನ ಅಡಿಯ ಕಾಂಕ್ರೀಟು, ಎಲ್ಲವನ್ನೂ ಈ ನೀರು ತೊಳೆದುಕೊಂಡು ಹೋಗುತ್ತದೆ. ಬೇಸಿಗೆಯಿಡೀ ಚೆಲ್ಲಿದ್ದನ್ನು ಮಿರಗದ ಮೊದಲ ಮಳೆ ಒಂದೇ ಗಂಟೆಯಲ್ಲಿ ಗಟಾರಕ್ಕೆ ಮುಟ್ಟಿಸುತ್ತದೆ.

ಶೂನ್ಯ ವಿಸರ್ಜನೆಯ ಪ್ರಮಾಣಪತ್ರ ಇರುವುದು ಪೈಪಿನೊಳಗಿನ ನೀರಿಗೆ. ಮಳೆನೀರಿನ ಗಟಾರಕ್ಕೆ ಅಂಥ ಪತ್ರವಿಲ್ಲ. ಆದ್ದರಿಂದ ಕರಾವಳಿಯ ಔಷಧ ಕಾರ್ಖಾನೆಯಲ್ಲಿ ನಾನು ಮೊದಲು ನೋಡುವುದು ಇಟಿಪಿ ಎಂಬ ಕೊಳೆನೀರು ಸಂಸ್ಕರಣಾ ಘಟಕವನ್ನಲ್ಲ, ಗಟಾರ ಆವರಣದಿಂದ ಹೊರಬೀಳುವ ಜಾಗವನ್ನು. ಅಲ್ಲಿ ಬಾಗಿಲಿದೆಯೇ? ಮೊದಲ ಮಳೆಯ ನೀರನ್ನು ಹಿಡಿದಿಟ್ಟು ಪರೀಕ್ಷಿಸಿ ಆಮೇಲೆ ಬಿಡಲು ತೊಟ್ಟಿಯಿದೆಯೇ? ಡ್ರಮ್ ಇಡುವ ಜಾಗಕ್ಕೆ ಮಾಡು ಇದೆಯೇ, ಸುತ್ತ ಕಟ್ಟೆ ಇದೆಯೇ? ನಮ್ಮ ನೆಲ ಚಿರೇಕಲ್ಲು, ಜಾಲರಿಯಂತೆ ತೂತು. ಅಂಗಳದಲ್ಲಿ ಚೆಲ್ಲಿದ್ದು ಗಟಾರಕ್ಕೆ ಹೋಗದಿದ್ದರೆ ಬಾವಿಗೆ ಹೋಗುತ್ತದೆ. ಮಳೆಗಾಲದ ರಾತ್ರಿ ಭೋರ್ಗರೆಯುವ ಹಳ್ಳಕ್ಕೆ ಯಾರಾದರೂ ಒಂದು ಟ್ಯಾಂಕ್ ಗಟ್ಟಿ ನೀರು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಸಾಕ್ಷಿಯೂ ಉಳಿಯದು ಎಂಬ ಆಸೆಯೂ ಮನುಷ್ಯನಿಗೆ ಇದ್ದದ್ದೇ. ಸಾಕ್ಷಿ ಉಳಿಯುತ್ತದೆ, ಆದರೆ ಅಳಿವೆಯ ಕೆಸರಿನಲ್ಲಿ. 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್‌ಸರ್ ಪಟ್ಟಿಗೆ ಸೇರಿದ ಅಘನಾಶಿನಿಯ ಅಳಿವೆಯಾಗಲಿ, ಕಾಳಿಯ ಮುಖವಾಗಲಿ, ಅಲ್ಲಿನ ಬಳಚು ಕೂತಲ್ಲೇ ಕೂತು ನೀರನ್ನು ಸೋಸಿ ಉಣ್ಣುವ ಚಿಪ್ಪಿನ ಜೀವ. ನೀರಿನಲ್ಲಿದ್ದದ್ದೆಲ್ಲ ಅದರ ಮೈಯಲ್ಲಿ ಕೂಡುತ್ತದೆ, ಆಮೇಲೆ ನಮ್ಮ ಸಾರಿನಲ್ಲಿ.

ವಾಸನೆಯ ವಿಚಾರದಲ್ಲೂ ಕರಾವಳಿಗೆ ಅದರದೇ ಗಡಿಯಾರವಿದೆ. ಹಗಲು ಗಾಳಿ ಕಡಲಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ. ಒಂದೇ ಚಿಮಣಿಯ ವಾಸನೆ ಮಧ್ಯಾಹ್ನ ಗುಡ್ಡದ ಬುಡದ ಮನೆಗಳಿಗೆ, ನಸುಕಿನಲ್ಲಿ ದೋಣಿ ನೂಕುವವರಿಗೆ. ಹತ್ತು ಗಂಟೆಗೆ ಕಡಲ ಬದಿಯಲ್ಲಿ ನಿಂತು ಮೂಗು ಮೇಲೆತ್ತಿ "ಏನೂ ಇಲ್ಲವಲ್ಲ" ಎಂದು ಬರೆದುಕೊಂಡು ಹೋಗುವ ಅಧಿಕಾರಿ ಸುಳ್ಳು ಹೇಳುತ್ತಿರುವುದಿಲ್ಲ. ತಪ್ಪು ಹೊತ್ತಿನಲ್ಲಿ ಬಂದಿರುತ್ತಾರೆ. ದೂರು ಕೊಡುವವರು ದಿನ, ಗಂಟೆ, ಗಾಳಿಯ ದಿಕ್ಕು ಬರೆದಿಟ್ಟರೆ ಕಾರ್ಖಾನೆಯ ಬ್ಯಾಚ್ ಪುಸ್ತಕದ ಜೊತೆ ಹೊಂದಿಸಿ ನೋಡಬಹುದು.

ಈಗ ಅಕ್ಕನ ಮಗನ ಸ್ನಾನ. ಒಳಗಿನ ಸ್ವಚ್ಛತೆ ಇರುವುದು ಮಾತ್ರೆಯನ್ನು ಮನುಷ್ಯನಿಂದ ಕಾಪಾಡಲು. ಸ್ನಾನ ಇರುವುದು ಮನುಷ್ಯನನ್ನು ಮಾತ್ರೆಯಿಂದ ಕಾಪಾಡಲು. ರೋಗಿ ದಿನಕ್ಕೆ ಕೆಲವು ಮಿಲಿಗ್ರಾಂ ನುಂಗುವ ಔಷಧದ ಪುಡಿಯನ್ನು ಕೆಲಸಗಾರ ಎಂಟು ಗಂಟೆ ಉಸಿರಾಡಿದರೆ ರೋಗವಿಲ್ಲದೆ ಮದ್ದು ತಿಂದಂತೆ. ಪೆನ್ಸಿಲಿನ್ ಜಾತಿಯ ಪುಡಿಗೆ ಕೆಲವರ ಮೈ ಉರಿದು ಉಸಿರೇ ಕಟ್ಟಬಹುದು; ಅದಕ್ಕೇ ಅಂಥವನ್ನು ಪ್ರತ್ಯೇಕ ಕಟ್ಟಡದಲ್ಲೇ ತಯಾರಿಸಬೇಕೆಂಬ ನಿಯಮ. ಆದ್ದರಿಂದ ಮೊದಲ ಸ್ನಾನ ಕಾರ್ಖಾನೆಯಲ್ಲೇ ಆಗಬೇಕು, ಕೆಲಸದ ಬಟ್ಟೆ ಅಲ್ಲೇ ಒಗೆಸಿಕೊಳ್ಳಬೇಕು. ಮಗನ ಸಮವಸ್ತ್ರ ಮನೆಯ ಬಕೆಟಿಗೆ ಬೀಳುತ್ತದೆಯೇ ಎಂದು ಅಕ್ಕನನ್ನು ಕೇಳಿದೆ. ಇಲ್ಲವಂತೆ. ಒಳ್ಳೆಯ ಲಕ್ಷಣ. ಮನೆಯ ಸ್ನಾನ ಬರೀ ಸೆಕೆಗೆ.

ಸಾವು ತರುವ ಅಪಘಾತಗಳು ಮಾತ್ರ ಬೇರೆ ಜಾತಿಯವು. ಅಸಿಟೋನ್ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೇ ಹೊತ್ತಿಕೊಳ್ಳಬಲ್ಲ ಆವಿ ಬಿಡುತ್ತದೆ. ಟಾಲ್ವಿನ್ 4 ಡಿಗ್ರಿಗೆ, ಮೆಥನಾಲ್ 11ಕ್ಕೆ. ನಮ್ಮೂರಿನ ಡಿಸೆಂಬರ್ ಬೆಳಗ್ಗೆಯೂ ಇವಕ್ಕೆ ಸುಡುಬೇಸಿಗೆ. ಕಿಡಿ ಬೇಕೆಂದರೆ ಬೆಂಕಿಪೊಟ್ಟಣವೇ ಬೇಕಿಲ್ಲ. ಪೈಪಿನಲ್ಲಿ ದ್ರವ ರಭಸವಾಗಿ ಹರಿದರೆ ಹುಟ್ಟುವ ಸ್ಥಿರ ವಿದ್ಯುತ್ ಸಾಕು. ಅದಕ್ಕೇ ಪ್ರತಿ ಡ್ರಮ್ಮಿಗೂ ಅರ್ಥಿಂಗ್ ತಂತಿ, ಕ್ರಿಯೆ ನಡೆಯುವ ದೊಡ್ಡ ಪಾತ್ರೆಯಾದ ರಿಯಾಕ್ಟರಿನೊಳಗೆ ಗಾಳಿಯ ಬದಲು ಸಾರಜನಕ. 2024ರ ಆಗಸ್ಟ್ 21ರಂದು ಆಂಧ್ರದ ಅಚ್ಯುತಾಪುರಂನಲ್ಲಿ ಸೋರಿದ ಸಾಲ್ವೆಂಟಿನ ಆವಿ ಹೊತ್ತಿ ಸ್ಫೋಟಿಸಿ 17 ಜನ ಸತ್ತರು. ಒಣ ಪುಡಿಯೂ ಕಡಿಮೆಯದಲ್ಲ. 2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನಲ್ಲಿ 40ಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡ ಸ್ಫೋಟ ಆದದ್ದು ಮಾತ್ರೆಗೆ ಬೆರೆಸುವ ಸೆಲ್ಯುಲೋಸ್ ಪುಡಿಯ ಘಟಕದಲ್ಲಿ. ನಾವು ದಿನಾ ಮಾತ್ರೆಯ ಜೊತೆ ನುಂಗುವ ನಿರುಪದ್ರವಿ ಪುಡಿ ಅದು.

ಇನ್ನೊಂದು ಅಪಾಯ ರಿಯಾಕ್ಟರಿನ ಬಿಸಿ. ಹಸಿ ಹುಲ್ಲನ್ನು ಬಣವೆ ಒಟ್ಟಿದರೆ ಒಳಗೆ ಬೇಯುತ್ತದೆ ಎಂದು ರೈತರಿಗೆ ಗೊತ್ತು. ಸಣ್ಣ ಕಂತೆ ತಣ್ಣಗಿರುತ್ತದೆ, ದೊಡ್ಡ ಬಣವೆ ಹೊಗೆಯಾಡುತ್ತದೆ. ಲೆಕ್ಕ ಅದೇ: ಪಾತ್ರೆಯ ಅಳತೆ ಎಲ್ಲ ಕಡೆ ಇಮ್ಮಡಿಯಾದರೆ ಒಳಗಿನ ಸರಕು ಎಂಟು ಪಟ್ಟು, ತಣಿಸುವ ಮೈ ನಾಲ್ಕೇ ಪಟ್ಟು. ಪ್ರಯೋಗಾಲಯದ ಗಾಜಿನ ಬುರುಡೆಯಲ್ಲಿ ಸಾಧುವಾಗಿದ್ದ ಕ್ರಿಯೆ ಐದು ಸಾವಿರ ಲೀಟರಿನ ರಿಯಾಕ್ಟರಿನಲ್ಲಿ ಹದ್ದುಮೀರಬಹುದು. ಬಿಸಿ ಹತ್ತು ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಇಮ್ಮಡಿ. ವೇಗ ಏರಿದರೆ ಇನ್ನಷ್ಟು ಬಿಸಿ. ಕರೆಂಟು ಹೋಗಿ ತಣ್ಣೀರಿನ ಪಂಪು ನಿಂತರೆ ಏನು ಮಾಡುತ್ತೀರಿ ಎಂಬುದಕ್ಕೆ ಮಳೆಗಾಲದಲ್ಲಿ ವಾರಗಟ್ಟಲೆ ಕತ್ತಲಲ್ಲಿ ಕೂತವರ ಜಿಲ್ಲೆಯಲ್ಲಿ ಗಟ್ಟಿ ಉತ್ತರ ಬೇಕು.

ಹೀಗೆಯೇ ಸದ್ದಿಲ್ಲದೆ ಕೊಲ್ಲುವುದು ಟ್ಯಾಂಕ್ ಸ್ವಚ್ಛತೆ. ಸಾರಜನಕಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ತುಂಬಿದ ತೊಟ್ಟಿಗೆ ತಲೆ ಹಾಕಿದವನಿಗೆ ಕೂಗಲೂ ಬಿಡುವಿಲ್ಲ; ಎತ್ತಲು ಹೋದವನೂ ಅಲ್ಲೇ. ಹಿಂದೆ ಪಾಳುಬಾವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಸಾಲ್ವೆಂಟ್ ತೊಟ್ಟಿಗೆ ಆ ದೀಪ ಇಳಿಸಿದರೆ ಕಥೆ ಬೇರೆಯೇ ಆದೀತು! ಇಲ್ಲಿ ಆಮ್ಲಜನಕ ಅಳೆಯುವ ಉಪಕರಣ, ಹೊರಗೊಬ್ಬ ಕಾವಲುಗಾರ, ಸೊಂಟಕ್ಕೆ ಹಗ್ಗ, ಮೇಲಿನವರ ಸಹಿಯ ಪರ್ಮಿಟ್. ಹೆಚ್ಚಾಗಿ ಇಳಿಯುವವರು ಗುತ್ತಿಗೆಯ ಹುಡುಗರು. ಪರ್ಮಿಟ್ ಅವರಿಗೆ ಬರುವ ಭಾಷೆಯಲ್ಲಿದೆಯೇ ಎಂದು ನೋಡಿದರೆ ಆ ಕಾರ್ಖಾನೆಯ ಸುರಕ್ಷತೆಯ ಅರ್ಧ ಜಾತಕ ತಿಳಿಯುತ್ತದೆ.

ಬೆಂಕಿ ಆರಿಸಿದ ನೀರಿನ ಮಾತು ಹೇಳಲೇಬೇಕು. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಒಂದು ರಾಸಾಯನಿಕ ಗೋದಾಮು ಹೊತ್ತಿ ಉರಿಯಿತು. ಬೆಂಕಿಗಿಂತ ದೊಡ್ಡ ಅನಾಹುತ ಮಾಡಿದ್ದು ಅದನ್ನು ಆರಿಸಲು ಹಾಯಿಸಿದ ನೀರು. ಅದು ವಿಷ ಹೊತ್ತು ರೈನ್ ನದಿಗೆ ಇಳಿದು ನೂರಾರು ಕಿಲೋಮೀಟರ್ ಕೆಳಗಿನವರೆಗೆ ಹಾವುಮೀನುಗಳನ್ನು ಕೊಂದಿತು. ನದಿ ಕೆಂಪಾಗಿತ್ತು. ಅಂಥ ನೀರನ್ನು ಹಿಡಿದಿಡುವ ತೊಟ್ಟಿ, ಅದೂ ಮಳೆ ಸುರಿಯುತ್ತಿರುವ ದಿನ ಖಾಲಿ ಇರುವ ತೊಟ್ಟಿ, ನಮ್ಮಲ್ಲಿ ಕಡ್ಡಾಯವಾಗಿ ಕೇಳಬೇಕಾದದ್ದು. ಅಪಾಯ ಗೇಟಿಗೆ ಮುಗಿಯುವುದೂ ಇಲ್ಲ. ಸಾಲ್ವೆಂಟ್ ಬರುವುದು ಟ್ಯಾಂಕರಿನಲ್ಲಿ, ಅರಬೈಲು ಘಟ್ಟ ಇಳಿದು ಅಥವಾ ಕರಾವಳಿ ಹೆದ್ದಾರಿಯಲ್ಲಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಅನಿಲದ ಟ್ಯಾಂಕರೇ ಗಂಗಾವಳಿಯ ಪಾಲಾದದ್ದನ್ನು ನಾವು ಕಂಡಿದ್ದೇವೆ. ಟ್ಯಾಂಕರಿನ ಹಿಂದಿನ ಫಲಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ: 1090 ಎಂದರೆ ಅಸಿಟೋನ್, 1230 ಮೆಥನಾಲ್, 1294 ಟಾಲ್ವಿನ್. ಅಪಘಾತವಾದಾಗ ಫೋಟೊ ತೆಗೆಯುವವರು ದೂರದಿಂದ ಆ ಸಂಖ್ಯೆಯನ್ನಾದರೂ ತೆಗೆದು ಅಗ್ನಿಶಾಮಕ ದಳಕ್ಕೆ ಕಳಿಸಿದರೆ ಉಪಕಾರ.

ಅಪಾಯದ ರಾಸಾಯನಿಕ ಹೆಚ್ಚು ಪ್ರಮಾಣದಲ್ಲಿ ಇಡುವ ಘಟಕಗಳು ಆರು ತಿಂಗಳಿಗೊಮ್ಮೆ ಒಳಗಿನ ಅಣಕು ಕಾರ್ಯಾಚರಣೆ ನಡೆಸಬೇಕು. ಹೊರಗಿನ ಊರನ್ನು ಒಳಗೊಂಡ ಕಾರ್ಯಾಚರಣೆ ವರ್ಷಕ್ಕೊಮ್ಮೆ. 1984ರ ಭೋಪಾಲದ ಬಳಿಕ ಬಂದ 1989ರ ನಿಯಮ ಇದು. ಕೈಗಾದಿಂದಾಗಿ ನಮ್ಮ ಜಿಲ್ಲೆಗೆ ಇಂಥ ಅಣಕು ಹೊಸದಲ್ಲ. ಬಿಣಗಾದಲ್ಲಿ ದಶಕಗಳಿಂದ ಕ್ಲೋರಿನ್ ತಯಾರಿ ಇರುವುದರಿಂದ ಒಂದು ಪಾಠವೂ ಕೆಲವರಿಗೆ ಗೊತ್ತಿದೆ: ಆ ಅನಿಲ ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗಿಗೆ ಹರಿಯುತ್ತದೆ, ಗಾಳಿಗೆ ಅಡ್ಡಲಾಗಿ, ಎತ್ತರಕ್ಕೆ ಓಡಬೇಕು. ಸೈರನ್ ಕೇಳಿದೊಡನೆ ಏನಾಯಿತೆಂದು ನೋಡಲು ಗೇಟಿನ ಕಡೆ ಓಡುವುದು ನಮ್ಮ ಹಳೆಯ ಚಾಳಿ.

ಉಳಿದದ್ದು ಊರಿನ ಜೊತೆಗಿನ ನಂಟು. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಮಿತಿ ದಾಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಶಾಲೆಗೆ ಬೆಂಚು, ಆರೋಗ್ಯ ಶಿಬಿರ, ಸಸಿ ನೆಡುವ ಫೋಟೊ. ಬೇಡವೆನ್ನಲು ನಾನು ಯಾರು? ಬೆಂಚು ಬೆಂಚೇ. ಆದರೆ ಇಟಿಪಿ ನಡೆಸುವುದು ಸೇವೆಯಲ್ಲ, ವ್ಯಾಪಾರದ ಖರ್ಚು. ಎರಡನ್ನೂ ಒಂದೇ ಕರಪತ್ರದಲ್ಲಿ ಬೆರೆಸುವವರ ಬಗ್ಗೆ ನನಗೆ ಗುಮಾನಿ.

ಊರಿನವರ ಕೈಯಲ್ಲಿರುವ ಸಾಧನಗಳು ಬೇರೆ. ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯಡಿ ಸಾರ್ವಜನಿಕ ಆಲಿಕೆ ಸಭೆ ಬೇಕಾದ ಯೋಜನೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ಸಭೆ ನಡೆಯಬೇಕು. ಅಲ್ಲಿ ಆಡಿದ ಮಾತು ನಡಾವಳಿಯಲ್ಲಿ ದಾಖಲಾಗುತ್ತದೆ. ಹೊರಗೆ ಕೂಗಿದ್ದು ಆಗುವುದಿಲ್ಲ. ಅನುಮತಿ ಸಿಕ್ಕ ಮೇಲೆ ಷರತ್ತುಗಳ ಪಾಲನಾ ವರದಿ ಪ್ರತಿ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಪರಿಸರ ಲೆಕ್ಕಪತ್ರ ಪ್ರತಿ ಸೆಪ್ಟೆಂಬರ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ. ನಾನು ಹೇಳಿದ ಬುಟ್ಟಿಯ ಲೆಕ್ಕದ ಬಹುಪಾಲು ಈ ಕೊನೆಯ ಕಾಗದದಲ್ಲೇ ಇರುತ್ತದೆ: ಎಷ್ಟು ನೀರು, ಎಷ್ಟು ಕಚ್ಚಾ ಸರಕು, ಎಷ್ಟು ತ್ಯಾಜ್ಯ. ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಬಾವಿಯ ನೀರಿನ ಪರೀಕ್ಷೆ, ಕಾರ್ಖಾನೆ ಬರುವ ಮುನ್ನ. ಏಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ. ಕಡಲತೀರದ ಬಾವಿಗೆ ಬೇಸಿಗೆಯಲ್ಲಿ ತಾನಾಗಿಯೇ ಉಪ್ಪು ಏರುವುದರಿಂದ ಎರಡೂ ಬೇಕು. ಆ ಕಾಗದ ಇಲ್ಲದಿದ್ದರೆ ಐದು ವರ್ಷದ ಮೇಲೆ ನಮ್ಮ ನೀರು ಕೆಟ್ಟಿತು ಎಂದಾಗ "ಮೊದಲೇ ಹಾಗಿತ್ತು" ಎಂಬ ಉತ್ತರಕ್ಕೆ ಮಾತಿಲ್ಲ.

ಇಷ್ಟನ್ನೂ ಎರಡು ಸಂಜೆ ಕೂತು ಅಕ್ಕನಿಗೆ ಹೇಳಿದೆ. ಅವರು ಸಾಲ್ವೆಂಟಿನ ಲೆಕ್ಕವನ್ನು ತಕ್ಷಣ ಹಿಡಿದರು, ಹಾರ್ಮೋನಿನ ಕಥೆಗೆ ಹುಬ್ಬು ಗಂಟಿಕ್ಕಿದರು, ಶೇ 2ಕ್ಕೆ ನಕ್ಕರು. ಕೊನೆಗೆ ಮತ್ತೆ ಮೀನಿನ ಪರೀಕ್ಷೆಗೇ ಬಂದರು.

"ಆ ತೊಟ್ಟಿಗೆ ಯಾವ ಮೀನು ಬಿಡುತ್ತಾರೆ?"

ಸಾಮಾನ್ಯವಾಗಿ ಜೀಬ್ರಾ ಮೀನು ಎಂದೆ. ಬೆರಳುದ್ದವೂ ಇಲ್ಲದ, ಪಟ್ಟೆಪಟ್ಟೆಯ, ಸಿಹಿನೀರಿನ ಮೀನು.

"ನಾಲ್ಕು ದಿನ?"

ನಾಲ್ಕು ದಿನ.

ಅಕ್ಕ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡರು. "ಬಳಚು ಬಿಡಲು ಹೇಳಿ ಮಾಸ್ತರರೇ. ಒಂದು ಮಳೆಗಾಲ ಪೂರ್ತಿ."